ಐರೋಪ್ಯ ಒಕ್ಕೂಟದ ವಿದೇಶಾಂಗ ಮತ್ತು ಭದ್ರತಾ ನೀತಿ: ಒಪ್ಪಂದ, ಕಾರ್ಯಾಚರಣೆ, ನಿರ್ಬಂಧಗಳಿಗೆ ಉತ್ತರ ಹೇಳುವವರು ಯಾರು?

ಸುರತ್ಕಲ್ ಓದುಗ (ಚರ್ಚೆ ಆರಂಭಿಸಿದವರು)

2012ರ ಜನವರಿ 23ರಂದು ಬ್ರಸೆಲ್ಸ್‌ನಲ್ಲಿ ಸೇರಿದ ಐರೋಪ್ಯ ಒಕ್ಕೂಟದ ವಿದೇಶಾಂಗ ಮಂತ್ರಿಗಳು ಇರಾನಿನ ಕಚ್ಚಾ ತೈಲವನ್ನು ತಮ್ಮ ದೇಶಗಳು ಕೊಳ್ಳಬಾರದೆಂದು ತೀರ್ಮಾನಿಸಿದರು. ಆ ತೈಲವನ್ನು ಸಾಗಿಸುವ ಹಡಗುಗಳಿಗೆ ಐರೋಪ್ಯ ಕಂಪನಿಗಳು ವಿಮೆಯನ್ನಾಗಲಿ ಮರುವಿಮೆಯನ್ನಾಗಲಿ (ವಿಮಾ ಕಂಪನಿಗಳೇ ಮಾಡಿಸಿಕೊಳ್ಳುವ ವಿಮೆ) ಕೊಡುವಂತಿಲ್ಲ ಎಂಬ ಅಂಶವೂ ಅದರಲ್ಲಿ ಸೇರಿತ್ತು, ಮತ್ತು ಅದು ಜುಲೈ 1ರಿಂದ ಪೂರ್ಣವಾಗಿ ಜಾರಿಗೆ ಬಂತು. ನಮ್ಮ ಮಂಗಳೂರಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್ ಆ ಕಾಲದಲ್ಲಿ ಇರಾನಿನ ತೈಲವನ್ನು ಹೆಚ್ಚಾಗಿ ಕೊಳ್ಳುತ್ತಿದ್ದ ಭಾರತೀಯ ಕಂಪನಿಗಳಲ್ಲಿ ಒಂದು. ವಿಶ್ವಸಂಸ್ಥೆಯ ನಿರ್ಬಂಧಗಳಿಗೆ ಮಾತ್ರ ತಾನು ಬದ್ಧ ಎಂದು ಭಾರತ ಸರ್ಕಾರ ಹೇಳುತ್ತಲೇ ಇತ್ತು. ಹಣ ಪಾವತಿಗೆ ಯುಕೋ ಬ್ಯಾಂಕಿನ ಮೂಲಕ ರೂಪಾಯಿ ಲೆಕ್ಕದ ದಾರಿಯನ್ನೂ ಮಾಡಿಕೊಳ್ಳಲಾಯಿತು. ಆದರೂ 2013ರ ಏಪ್ರಿಲ್ ಹೊತ್ತಿಗೆ ಎಂಆರ್‌ಪಿಎಲ್ ಇರಾನಿನ ಖರೀದಿಯನ್ನು ನಿಲ್ಲಿಸಬೇಕಾಯಿತು. ಇರಾನಿನ ತೈಲ ಸಂಸ್ಕರಿಸುವ ಸ್ಥಾವರಕ್ಕೆ ವಿಮೆ ಕೊಡಲು ನಮ್ಮ ವಿಮಾ ಕಂಪನಿಗಳು ಹಿಂಜರಿದವು, ಏಕೆಂದರೆ ಅವುಗಳ ಬೆನ್ನಿಗಿದ್ದ ಮರುವಿಮೆ ಯುರೋಪಿನದು. ಅಮೆರಿಕದ ನಿರ್ಬಂಧಗಳ ಒತ್ತಡವೂ ಜೊತೆಗಿತ್ತು. ಕೆಲವು ತಿಂಗಳ ನಂತರ ಖರೀದಿ ಮತ್ತೆ ಆರಂಭವಾಯಿತು.

ಆಗ ಒಕ್ಕೂಟದಲ್ಲಿ ಇದ್ದದ್ದು 27 ದೇಶ, ಈಗಲೂ 27. ಆಗ ಬ್ರಿಟನ್ ಇತ್ತು, ಕ್ರೊಯೇಷಿಯಾ ಇರಲಿಲ್ಲ. ಅಷ್ಟೂ ದೇಶಗಳು ಒಪ್ಪಿದರೆ ಮಾತ್ರ ಇಂಥ ತೀರ್ಮಾನ ಆಗುತ್ತದೆ ಎಂದು ಓದಿದ್ದೇನೆ. ಇವರು ಯಾವ ನಿಯಮದ ಅಡಿಯಲ್ಲಿ ತೀರ್ಮಾನಿಸುತ್ತಾರೆ, ಆ ತೀರ್ಮಾನವನ್ನು ಯಾರು ಪ್ರಶ್ನಿಸಬಹುದು, ಮತ್ತು ಹೊರಗಿನವರ ಮೇಲೆ ಅದರ ಪೆಟ್ಟು ಬಿದ್ದಾಗ ಉತ್ತರ ಹೇಳುವವರು ಇದ್ದಾರೆಯೇ ಎಂಬುದನ್ನು ಬಲ್ಲವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ವಕೀಲ, ಬೆಂಗಳೂರು

ಸುರತ್ಕಲ್ ಓದುಗರೇ, ನಿಮ್ಮ ಪ್ರಶ್ನೆಯನ್ನು ಕ್ರಮವಾಗಿ ತೆಗೆದುಕೊಳ್ಳುತ್ತೇನೆ.

1992ರಲ್ಲಿ ಸಹಿಯಾಗಿ 1993ರ ನವೆಂಬರ್ 1ರಂದು ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಪ್ಪಂದ ಈ ಸಾಮಾನ್ಯ ವಿದೇಶಾಂಗ ಮತ್ತು ಭದ್ರತಾ ನೀತಿಯನ್ನು ಹುಟ್ಟುಹಾಕಿತು. ವ್ಯಾಪಾರ, ಕೃಷಿ, ಮೀನುಗಾರಿಕೆಗಳಲ್ಲಿ ತಮ್ಮ ಅಧಿಕಾರದ ದೊಡ್ಡ ಪಾಲನ್ನು ಒಕ್ಕೂಟಕ್ಕೆ ಬಿಟ್ಟುಕೊಟ್ಟ ದೇಶಗಳು ಯುದ್ಧ ಮತ್ತು ಶಾಂತಿಯ ವಿಷಯದಲ್ಲಿ ಹಾಗೆ ಮಾಡಲು ಸಿದ್ಧವಿರಲಿಲ್ಲ. ಆದ್ದರಿಂದ ಈ ನೀತಿಗೆ ಬೇರೆಯದೇ ಆದ ನಿಯಮಗಳನ್ನು ಬರೆದುಕೊಂಡರು. 2009ರ ಡಿಸೆಂಬರ್ 1ರಂದು ಜಾರಿಯಾದ ಲಿಸ್ಬನ್ ಒಪ್ಪಂದ ಈ ನೀತಿಯನ್ನು ಪ್ರತ್ಯೇಕ ವಿಭಾಗವಾಗಿಟ್ಟಿದ್ದ ಹಳೆಯ ವಿಂಗಡಣೆಯನ್ನು ಅಳಿಸಿ, ಒಕ್ಕೂಟದ ವಿದೇಶಾಂಗ ವ್ಯವಹಾರ ನೋಡಿಕೊಳ್ಳುವ ಉನ್ನತ ಪ್ರತಿನಿಧಿಯ ಹುದ್ದೆಗೆ ಹೆಚ್ಚಿನ ತೂಕವನ್ನೂ ಸ್ವಂತ ರಾಜತಾಂತ್ರಿಕ ಸೇವೆಯನ್ನೂ ಕೊಟ್ಟಿತು. ಆದರೆ ಬೇರೆ ನಿಯಮಗಳೆಂಬ ತಿರುಳನ್ನು ಹಾಗೆಯೇ ಉಳಿಸಿತು. ತೀರ್ಮಾನ ಸದಸ್ಯ ದೇಶಗಳ ಮಂತ್ರಿಗಳು ಕೂಡುವ ಪರಿಷತ್ತಿನದು ಮತ್ತು ಅದು ಸರ್ವಾನುಮತದ್ದು. ಇಲ್ಲಿ ಶಾಸನ ಮಾಡುವಂತಿಲ್ಲ. ಐರೋಪ್ಯ ಸಂಸತ್ತಿಗೆ ಮಾಹಿತಿ ಪಡೆಯುವ, ಅಭಿಪ್ರಾಯ ಹೇಳುವ ಸ್ಥಾನವಿದೆಯೇ ಹೊರತು ತಡೆಯುವ ಅಧಿಕಾರವಿಲ್ಲ. ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯವನ್ನೂ ಒಪ್ಪಂದದ ಮಾತಿನಲ್ಲಿಯೇ ಹೊರಗಿಡಲಾಗಿದೆ, ಕೆಲವು ವಿನಾಯಿತಿಗಳನ್ನು ಬಿಟ್ಟು.

ನಿರ್ಬಂಧಗಳು ಎರಡು ಹಂತದಲ್ಲಿ ಹುಟ್ಟುತ್ತವೆ. ಮೊದಲು ಒಕ್ಕೂಟದ ಒಪ್ಪಂದದ 29ನೆಯ ವಿಧಿಯ ಅಡಿಯಲ್ಲಿ ಎಲ್ಲ ದೇಶಗಳೂ ಒಪ್ಪಿದ ರಾಜಕೀಯ ತೀರ್ಮಾನ. ಆಮೇಲೆ, ಬ್ಯಾಂಕುಗಳೂ ಕಂಪನಿಗಳೂ ನೇರವಾಗಿ ಪಾಲಿಸಬೇಕಾದ ಅಂಶಗಳಿಗಾಗಿ, ಒಕ್ಕೂಟದ ಎರಡನೆಯ ಮೂಲ ಒಪ್ಪಂದವಾದ ಕಾರ್ಯನಿರ್ವಹಣಾ ಒಪ್ಪಂದದ 215ನೆಯ ವಿಧಿಯ ಅಡಿಯಲ್ಲಿ ಒಂದು ನಿಯಂತ್ರಣ (ರೆಗ್ಯುಲೇಷನ್); ಇದಕ್ಕೆ ಅರ್ಹ ಬಹುಮತ, ಅಂದರೆ ದೇಶಗಳ ಸಂಖ್ಯೆ ಮತ್ತು ಜನಸಂಖ್ಯೆ ಎರಡನ್ನೂ ಲೆಕ್ಕಹಾಕುವ ಬಹುಮತ, ಸಾಕು. ವೀಸಾ ನಿಷೇಧ ಮತ್ತು ಶಸ್ತ್ರಾಸ್ತ್ರ ನಿಷೇಧಗಳು ಹೆಚ್ಚಾಗಿ ಮೊದಲ ಹಂತದಲ್ಲೇ ನಿಲ್ಲುತ್ತವೆ, ಅವನ್ನು ಆಯಾ ದೇಶವೇ ಜಾರಿ ಮಾಡುತ್ತದೆ. ಆಸ್ತಿ ತಡೆಹಿಡಿಯುವಿಕೆ, ತೈಲ, ವಿಮೆ, ಯಂತ್ರೋಪಕರಣ ಇವೆಲ್ಲ ಎರಡನೆಯ ಹಂತಕ್ಕೆ ಬರುತ್ತವೆ. ನೀವು ಹೇಳಿದ ವಿಮೆಯ ನಿಷೇಧ ಈ ಎರಡನೆಯ ಬಗೆಯದು.

ಈ ನಿಯಂತ್ರಣಗಳು ಯಾರನ್ನು ಕಟ್ಟಿಹಾಕುತ್ತವೆ ಎಂಬುದನ್ನು ಪ್ರತಿಯೊಂದರ ಕೊನೆಯಲ್ಲಿ ಬರೆದಿರುತ್ತಾರೆ: ಒಕ್ಕೂಟದ ನೆಲ, ಅದರ ದೇಶಗಳ ಹಡಗು ಮತ್ತು ವಿಮಾನ, ಎಲ್ಲೇ ಇದ್ದರೂ ಅದರ ಪ್ರಜೆಗಳು, ಅಲ್ಲಿನ ಕಾನೂನಿನಂತೆ ಸ್ಥಾಪನೆಯಾದ ಕಂಪನಿಗಳು, ಮತ್ತು ಪೂರ್ತಿಯಾಗಿಯೋ ಭಾಗಶಃವೋ ಅಲ್ಲಿ ನಡೆಯುವ ವ್ಯವಹಾರ. ಎಂಆರ್‌ಪಿಎಲ್ ಈ ಯಾವ ಸಾಲಿನಲ್ಲೂ ಬರುವುದಿಲ್ಲ. ಅದರ ವಿಮೆಗೆ ಮರುವಿಮೆ ಕೊಡುವ ಕಂಪನಿ ಬರುತ್ತದೆ. ಪೆಟ್ಟು ಬಿದ್ದದ್ದು ಈ ದಾರಿಯಲ್ಲಿ.

ಗೆಂಟ್ ಕನ್ನಡಿಗ

ನಾನು ಹಲವು ವರ್ಷಗಳಿಂದ ಬೆಲ್ಜಿಯಂನಲ್ಲಿದ್ದೇನೆ. ವಕೀಲರು ಹೇಳಿದ ಸರ್ವಾನುಮತ ಕಾಗದದ ಮೇಲೆ ಗಂಭೀರವಾಗಿ ಕಾಣುತ್ತದೆ; ನಡೆಯುವಾಗ ಅದು ಚೌಕಾಸಿ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ.

2020ರ ಆಗಸ್ಟ್‌ನಲ್ಲಿ ಬೆಲಾರೂಸ್‌ನ ಚುನಾವಣೆಯ ನಂತರ ಬೀದಿಗಿಳಿದ ಜನರ ಮೇಲೆ ದಬ್ಬಾಳಿಕೆ ನಡೆಯಿತು. ಅದಕ್ಕೆ ಹೊಣೆಯಾದವರ ಮೇಲೆ ನಿರ್ಬಂಧ ಹೇರಬೇಕೆಂಬುದರಲ್ಲಿ ಯಾವ ದೇಶಕ್ಕೂ ತಕರಾರು ಇರಲಿಲ್ಲ. ಆದರೂ ವಾರಗಟ್ಟಲೆ ಅದು ನಿಂತುಹೋಯಿತು, ಏಕೆಂದರೆ ಪೂರ್ವ ಮೆಡಿಟರೇನಿಯನ್‌ನಲ್ಲಿ ಟರ್ಕಿಯ ಅನಿಲ ಶೋಧನೆಯ ವಿರುದ್ಧವೂ ಕ್ರಮ ಬೇಕೆಂದು ಸೈಪ್ರಸ್ ತನ್ನ ಒಪ್ಪಿಗೆಯನ್ನು ಹಿಡಿದಿಟ್ಟುಕೊಂಡಿತು. ಅಕ್ಟೋಬರ್ ಆರಂಭದ ಶೃಂಗಸಭೆಯವರೆಗೆ ಮಿನ್ಸ್ಕ್‌ನ ಜನ ಕಾಯಬೇಕಾಯಿತು. 2022ರ ಜೂನ್‌ನಲ್ಲಿ ರಷ್ಯಾದ ಮೇಲಿನ 6ನೆಯ ಪ್ಯಾಕೇಜ್‌ನ (ಒಟ್ಟಿಗೆ ಹೊರಡಿಸುವ ನಿರ್ಬಂಧಗಳ ಕಟ್ಟು) ಕೊನೆಯ ಗಳಿಗೆಯಲ್ಲಿ ರಷ್ಯಾದ ಆರ್ಥೊಡಾಕ್ಸ್ ಚರ್ಚಿನ ಮುಖ್ಯಸ್ಥ ಕಿರಿಲ್ ಅವರ ಹೆಸರನ್ನು ಹಂಗೆರಿಯ ಪಟ್ಟಿನಿಂದಾಗಿ ಕೈಬಿಡಲಾಯಿತು. 2025ರ ಜೂನ್, ಜುಲೈ ತಿಂಗಳುಗಳಲ್ಲಿ 18ನೆಯ ಪ್ಯಾಕೇಜ್ ಅನ್ನು ಸ್ಲೊವಾಕಿಯಾ ತಡೆದು ನಿಲ್ಲಿಸಿತ್ತು. ಅದರ ಚಿಂತೆ ಇದ್ದದ್ದು ರಷ್ಯಾದ ಅನಿಲ ನಿಲುಗಡೆಯ ಬಗ್ಗೆ, ಅಂದರೆ ಬೇರೆಯದೇ ಪ್ರಸ್ತಾವದ ಬಗ್ಗೆ.

ಒಮ್ಮೆ ಒಪ್ಪಿದರೆ ಮುಗಿಯುವುದೂ ಇಲ್ಲ. ರಷ್ಯಾದ ವಿರುದ್ಧದ ಆರ್ಥಿಕ ನಿರ್ಬಂಧಗಳನ್ನು ಆರು ತಿಂಗಳಿಗೊಮ್ಮೆ, ಜನವರಿ 31 ಮತ್ತು ಜುಲೈ 31ರ ಒಳಗೆ, ಎಲ್ಲ ದೇಶಗಳೂ ಮತ್ತೆ ಒಪ್ಪಬೇಕು. ವ್ಯಕ್ತಿಗಳ ಪಟ್ಟಿಗೆ ಮಾರ್ಚ್ 15 ಮತ್ತು ಸೆಪ್ಟೆಂಬರ್ 15 ಗಡುವು. ಪ್ರತಿ ಗಡುವಿನ ಹಿಂದಿನ ವಾರ ಇಲ್ಲಿನ ಪತ್ರಿಕೆಗಳಲ್ಲಿ ಅದೇ ಪ್ರಶ್ನೆ: ಈ ಸಲ ಯಾವ ದೇಶ ಏನು ಕೇಳುತ್ತದೆ? ನಮ್ಮ ಬ್ರಸೆಲ್ಸ್‌ನಲ್ಲಿ ಷೇರು, ಸಾಲಪತ್ರಗಳನ್ನು ಕಾಪಿಡುವ ಸಂಸ್ಥೆಯಾದ ಯೂರೋಕ್ಲಿಯರ್‌ನಲ್ಲಿ ಸಿಕ್ಕಿಬಿದ್ದಿರುವ ರಷ್ಯಾದ ಕೇಂದ್ರ ಬ್ಯಾಂಕಿನ ಹಣ ಇದೇ ದಾರದ ಮೇಲೆ ತೂಗುತ್ತಿತ್ತು. ಕೊನೆಗೆ 2025ರ ಡಿಸೆಂಬರ್‌ನಲ್ಲಿ, ಆರ್ಥಿಕ ತುರ್ತಿಗೆಂದು ಇರುವ 122ನೆಯ ವಿಧಿಯನ್ನು ಬಳಸಿ, ಬಹುಮತದಿಂದ, ಆ ಹಣವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವ ಏರ್ಪಾಡು ಮಾಡಿದರು. ವಿದೇಶಾಂಗ ನೀತಿಯ ಬಾಗಿಲು ತೆರೆಯದಿದ್ದಾಗ ಬೇರೆ ಬಾಗಿಲಿನಿಂದ ಹೋಗಬೇಕಾದ ಸ್ಥಿತಿ ಬಂದಿದೆ ಎಂದರೆ ಆ ನಿಯಮವನ್ನು ಬದಲಿಸುವ ಕಾಲ ಬಂದಿದೆ ಎಂದೇ ಅರ್ಥ.

ವಕೀಲ, ಬೆಂಗಳೂರು

ಗೆಂಟ್ ಕನ್ನಡಿಗರ ಬೇಸರ ನನಗೆ ಅರ್ಥವಾಗುತ್ತದೆ, ಆದರೆ ತೀರ್ಮಾನವನ್ನು ಒಪ್ಪಲಾರೆ. ಮಾಲ್ಟಾದಂಥ ಪುಟ್ಟ ದೇಶಕ್ಕೆ, ಅಥವಾ ಸೇನಾ ತಟಸ್ಥತೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಐರ್ಲೆಂಡಿಗೆ, ತನ್ನ ಸೈನಿಕರು ಎಲ್ಲಿಗೆ ಹೋಗಬೇಕೆಂದು ಬೇರೆಯವರು ಬಹುಮತದಿಂದ ಹೇಳುವ ಒಕ್ಕೂಟದಲ್ಲಿ ಇರಲು ಮನಸ್ಸಾಗುತ್ತಿತ್ತೇ ಎಂದು ಯೋಚಿಸಿ. ಸರ್ವಾನುಮತ ಆ ದೇಶಗಳು ಒಳಗೆ ಇರಲು ಪಡೆದ ಭರವಸೆ.

ಜೊತೆಗೆ ಒಕ್ಕೂಟದ ಒಪ್ಪಂದದ 31ನೆಯ ವಿಧಿಯಲ್ಲಿ ಒಂದು ನಡುದಾರಿ ಇದೆ. ಒಂದು ದೇಶ ವಿವರಣೆ ಕೊಟ್ಟು ಮತದಾನದಿಂದ ದೂರ ಉಳಿಯಬಹುದು; ಆಗ ತೀರ್ಮಾನ ನಿಲ್ಲುವುದಿಲ್ಲ, ಆ ದೇಶ ಅದನ್ನು ಜಾರಿ ಮಾಡಬೇಕಾಗಿಲ್ಲ, ಆದರೆ ಅಡ್ಡಿಪಡಿಸುವಂತೆಯೂ ಇಲ್ಲ. 2008ರ ಫೆಬ್ರವರಿಯಲ್ಲಿ, ಕೊಸೊವೊ ಸ್ವಾತಂತ್ರ್ಯ ಘೋಷಿಸಿಕೊಳ್ಳುವ ಕೆಲವೇ ದಿನಗಳ ಮುನ್ನ, ಅಲ್ಲಿಗೆ ಪೊಲೀಸ್ ಮತ್ತು ನ್ಯಾಯಾಂಗ ನೆರವಿನ ಯುಲೆಕ್ಸ್ ನಿಯೋಗವನ್ನು ಕಳಿಸುವ ತೀರ್ಮಾನವಾದಾಗ ಸೈಪ್ರಸ್ ಹೀಗೆ ದೂರ ಉಳಿಯಿತು. ಸ್ಪೇನ್, ಗ್ರೀಸ್, ರೊಮೇನಿಯಾ, ಸ್ಲೊವಾಕಿಯಾ, ಸೈಪ್ರಸ್ ಈ ಐದು ದೇಶಗಳು ಇಂದಿಗೂ ಕೊಸೊವೊವನ್ನು ಮಾನ್ಯ ಮಾಡಿಲ್ಲ. ನಿಯೋಗ ಮಾತ್ರ ಅಂದಿನಿಂದ ನಡೆದೇ ಇದೆ. 2022ರ ಅಕ್ಟೋಬರ್‌ನಲ್ಲಿ ಉಕ್ರೇನ್ ಸೈನಿಕರಿಗೆ ತರಬೇತಿ ಕೊಡುವ ಕಾರ್ಯಾಚರಣೆಯ ವಿಷಯದಲ್ಲಿ ಹಂಗೆರಿಯೂ ಇದೇ ದಾರಿ ಹಿಡಿಯಿತು. ಇಷ್ಟು ತೀವ್ರ ಭಿನ್ನಾಭಿಪ್ರಾಯದ ನಡುವೆಯೂ ಕೆಲಸ ಮುಂದುವರಿಯುವಂತೆ ಮಾಡಿದ ನಿಯಮವನ್ನು ಬರಿಯ ಚೌಕಾಸಿ ಎನ್ನುವುದು ನ್ಯಾಯವಲ್ಲ.

ನನ್ನ ಆತಂಕ ಬೇರೆ ಕಡೆ ಇದೆ. ತೀರ್ಮಾನ ಎಷ್ಟು ಬೇಗ ಆಗುತ್ತದೆ ಎಂಬುದಕ್ಕಿಂತ, ಆದ ಮೇಲೆ ಅದರಿಂದ ತೊಂದರೆಗೊಳಗಾದವನು ಯಾರ ಬಾಗಿಲು ತಟ್ಟಬೇಕು ಎಂಬುದೇ ಮುಖ್ಯ ಎಂದು ನಾನು ನಂಬಿದ್ದೇನೆ.

ನಿವೃತ್ತ ಹಡಗು ಅಧಿಕಾರಿ, ಕುಂದಾಪುರ

ಮಾನ್ಯರೇ, ಕಾನೂನಿನ ಮಾತುಗಳ ನಡುವೆ ಸಮುದ್ರದ ಮೇಲೆ ಈ ನೀತಿ ಹೇಗೆ ಕಾಣಿಸಿತು ಎಂಬುದನ್ನು ಸೇರಿಸುತ್ತೇನೆ.

ಒಕ್ಕೂಟದ ಮೊದಲ ನೌಕಾ ಕಾರ್ಯಾಚರಣೆಯಾದ ಅಟಲಾಂಟಾ 2008ರ ಡಿಸೆಂಬರ್‌ನಲ್ಲಿ ಸೊಮಾಲಿಯಾದ ಕರಾವಳಿಯಲ್ಲಿ ಆರಂಭವಾಯಿತು. ಸೊಮಾಲಿಯಾಕ್ಕೆ ವಿಶ್ವ ಆಹಾರ ಕಾರ್ಯಕ್ರಮದ ಧಾನ್ಯ ಒಯ್ಯುವ ಹಡಗುಗಳಿಗೆ ರಕ್ಷಣೆ ಕೊಡುವುದು ಅದರ ಮೊದಲ ಹೊಣೆ. ಏಡನ್ ಕೊಲ್ಲಿಗೆ ಬರುವ ಮುನ್ನ ನಾವು ಅದರ ಕಡಲ ಭದ್ರತಾ ಕೇಂದ್ರದಲ್ಲಿ ಹಡಗಿನ ಹೆಸರು, ವೇಗ, ನೀರಿನಿಂದ ಡೆಕ್ಕಿನವರೆಗಿನ ಎತ್ತರ, ಸಿಬ್ಬಂದಿಯ ಸಂಖ್ಯೆ ಇವನ್ನು ನೋಂದಾಯಿಸುತ್ತಿದ್ದೆವು. ವೇಗ ಕಡಿಮೆಯಿದ್ದು ಡೆಕ್ಕು ತಗ್ಗಾಗಿರುವ ಹಡಗಿಗೆ ಅಪಾಯ ಹೆಚ್ಚು. ಅಂಚಿನ ಸುತ್ತ ಮುಳ್ಳುತಂತಿ ಬಿಗಿದು, ನೀರಿನ ಪಂಪುಗಳನ್ನು ಹೊರಮುಖ ಮಾಡಿ, ಗೊತ್ತುಪಡಿಸಿದ ಪಥದಲ್ಲಿ ಗುಂಪಾಗಿ ಸಾಗುತ್ತಿದ್ದೆವು. ಕಡಲ್ಗಳ್ಳರು ಹತ್ತಿದರೆ ಒಳಗಿನಿಂದ ಬೀಗ ಹಾಕಿಕೊಂಡು ಕೂರಲು ಎಂಜಿನ್ ಕೋಣೆಯ ಬಳಿ ಒಂದು ಸುರಕ್ಷಿತ ಜಾಗವನ್ನು ಸಿದ್ಧಪಡಿಸಿಕೊಳ್ಳಬೇಕಾಗಿತ್ತು. ಭಾರತೀಯ ನೌಕಾಪಡೆಯೂ ಅದೇ ವರ್ಷದ ಅಕ್ಟೋಬರ್‌ನಿಂದ ಅಲ್ಲಿ ಗಸ್ತಿಗಿತ್ತು. ದೂರದ ಸಮುದ್ರದಲ್ಲಿ ಆ ಯುದ್ಧನೌಕೆಗಳ ಧ್ವನಿ ರೇಡಿಯೊದಲ್ಲಿ ಕೇಳಿಸಿದಾಗ ಆಗುತ್ತಿದ್ದ ಸಮಾಧಾನವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ: 2010ರಲ್ಲಿ ಅಪಹರಣವಾದ ಆಸ್ಫಾಲ್ಟ್ ವೆಂಚರ್ ಹಡಗಿನ ಏಳು ಭಾರತೀಯರು ಬಿಡುಗಡೆಯಾಗಿ ಬಂದದ್ದು 2014ರಲ್ಲಿ.

ಆದರೆ ಹಿಡಿದ ಕಡಲ್ಗಳ್ಳರನ್ನು ಏನು ಮಾಡುವುದೆಂಬುದು ಯಾರಿಗೂ ಸುಲಭದ ವಿಷಯವಾಗಿರಲಿಲ್ಲ. ಯುರೋಪಿಗೆ ಒಯ್ದು ವಿಚಾರಣೆ ನಡೆಸಲು ಹೆಚ್ಚಿನ ದೇಶಗಳಿಗೆ ಮನಸ್ಸಿರಲಿಲ್ಲ. ಎಷ್ಟೋ ಸಲ ಆಯುಧಗಳನ್ನು ಸಮುದ್ರಕ್ಕೆಸೆದು, ಅವರನ್ನು ದೋಣಿಯಲ್ಲೇ ಬಿಟ್ಟುಕಳಿಸಿದ್ದುಂಟು. ಆಗಲೇ ಕೆನ್ಯಾ, ಸೇಶೆಲ್ಸ್, ಮಾರಿಷಸ್‌ಗಳೊಡನೆ ಹಸ್ತಾಂತರ ಒಪ್ಪಂದಗಳ ಮಾತು ಕೇಳಿಬಂತು. ಅವುಗಳಲ್ಲಿ ಏನಿತ್ತು ಎಂದು ವಕೀಲರು ಹೇಳಿದರೆ ಉಪಕಾರವಾಗುತ್ತದೆ.

ಕಾನೂನು ವಿದ್ಯಾರ್ಥಿನಿ, ಧಾರವಾಡ

ಮಾರಿಷಸ್ ಒಪ್ಪಂದದ ತೀರ್ಪನ್ನು ನಾವು ತರಗತಿಯಲ್ಲಿ ಓದಿದ್ದೇವೆ, ಆದ್ದರಿಂದ ಇದಕ್ಕೆ ನಾನು ಉತ್ತರಿಸಲು ಪ್ರಯತ್ನಿಸುತ್ತೇನೆ. ವಕೀಲ ಸರ್ ತಪ್ಪಿದ್ದರೆ ತಿದ್ದಬೇಕು.

ಕೆನ್ಯಾದ ಜೊತೆ 2009ರ ಮಾರ್ಚ್‌ನಲ್ಲಿ ಪತ್ರ ವಿನಿಮಯದ ರೂಪದಲ್ಲಿ ಒಪ್ಪಂದವಾಯಿತು. ಹಸ್ತಾಂತರಗೊಂಡವರನ್ನು ಮಾನವೀಯವಾಗಿ ನಡೆಸಿಕೊಳ್ಳಬೇಕು, ಬೇಗನೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು, ಮರಣದಂಡನೆಗೆ ಗುರಿಪಡಿಸಬಾರದು ಎಂಬ ಷರತ್ತುಗಳಿದ್ದವು. ಪ್ರತಿಯೊಬ್ಬ ಬಂಧಿತನ ಜೊತೆಗೆ ಒಂದು ದಾಖಲೆ ಹೋಗಬೇಕು: ಅವನ ದೈಹಿಕ ಸ್ಥಿತಿ ಹೇಗಿತ್ತು, ಯಾವ ಕಾರಣಕ್ಕೆ ಹಿಡಿದರು, ಬಂಧನ ಯಾವ ಹೊತ್ತಿಗೆ ಎಲ್ಲಿ ಆರಂಭವಾಯಿತು, ಹಸ್ತಾಂತರ ಯಾವಾಗ ಆಯಿತು. ಗುಂಡಿಗೆ ಗುಂಡಿನ ಉತ್ತರ ಕೊಡಬಹುದಾಗಿದ್ದ ಸಮುದ್ರದ ನಡುವೆ ಇಷ್ಟು ವಿವರವಾದ ಕಾಗದವನ್ನು ಕೇಳಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮೊಂಬಾಸಾದಲ್ಲಿ ವಿಚಾರಣೆಗಳು ನಡೆದವು. ಆದರೆ ತನ್ನ ನ್ಯಾಯಾಲಯ ಮತ್ತು ಜೈಲುಗಳ ಮೇಲೆ ಹೊರೆ ಹೆಚ್ಚಾಯಿತೆಂದು 2010ರಲ್ಲಿಯೇ ಕೆನ್ಯಾ ಒಪ್ಪಂದದಿಂದ ಹಿಂದೆ ಸರಿಯುವುದಾಗಿ ಹೇಳಿತು.

ಮಾರಿಷಸ್ ಒಪ್ಪಂದಕ್ಕೆ 2011ರ ಜುಲೈನಲ್ಲಿ ಸಹಿಯಾಯಿತು. ಐರೋಪ್ಯ ಸಂಸತ್ತಿಗೆ ಅದರ ಪೂರ್ಣ ಪಾಠ ಸಿಕ್ಕಿದ್ದು ಮೂರು ತಿಂಗಳಿಗೂ ಹೆಚ್ಚು ಕಾಲದ ನಂತರ. ಸಂಸತ್ತು ಮೊಕದ್ದಮೆ ಹೂಡಿತು. 2014ರ ಜೂನ್ 24ರ ತೀರ್ಪಿನಲ್ಲಿ ನ್ಯಾಯಾಲಯ ಎರಡು ಮಾತು ಹೇಳಿತು. ಈ ಒಪ್ಪಂದ ಕೇವಲ ವಿದೇಶಾಂಗ ನೀತಿಗೆ ಸೇರಿದ್ದು, ಆದ್ದರಿಂದ ಸಂಸತ್ತಿನ ಒಪ್ಪಿಗೆ ಬೇಕಿಲ್ಲ ಎಂಬುದು ಮೊದಲನೆಯದು. ಹಾಗಿದ್ದರೂ ಕಾರ್ಯನಿರ್ವಹಣಾ ಒಪ್ಪಂದದ 218ನೆಯ ವಿಧಿಯ 10ನೆಯ ಉಪವಿಧಿಯಂತೆ ಪ್ರತಿ ಹಂತದಲ್ಲೂ ಸಂಸತ್ತಿಗೆ ಕೂಡಲೇ ಮತ್ತು ಪೂರ್ಣವಾಗಿ ತಿಳಿಸಬೇಕು, ತಿಳಿಸದ್ದರಿಂದ ಪರಿಷತ್ತಿನ ತೀರ್ಮಾನ ರದ್ದು ಎಂಬುದು ಎರಡನೆಯದು. ಹಿಡಿದವರ ವಿಚಾರಣೆಗೆ ಅಡ್ಡಿಯಾಗದಿರಲೆಂದು ತೀರ್ಮಾನದ ಪರಿಣಾಮಗಳನ್ನು ಮಾತ್ರ ಉಳಿಸಲಾಯಿತು. ಟಾಂಜಾನಿಯಾದ ಜೊತೆಗಿನ ಇಂಥದೇ ಒಪ್ಪಂದದ ಬಗ್ಗೆ 2016ರಲ್ಲಿ ಮತ್ತೆ ಇದೇ ರೀತಿಯ ತೀರ್ಪು ಬಂತು. ಒಪ್ಪಿಗೆಯ ಅಧಿಕಾರವಿಲ್ಲದ ಸಂಸ್ಥೆಗೂ ತಿಳಿಯುವ ಹಕ್ಕಿದೆ ಎಂದು ನ್ಯಾಯಾಲಯ ಎರಡು ಸಲ ಹೇಳಿದ್ದನ್ನು ನಾನು ಚಿಕ್ಕ ವಿಷಯವೆಂದು ಎಣಿಸುವುದಿಲ್ಲ.

ವಕೀಲ, ಬೆಂಗಳೂರು

ತಿದ್ದಲು ಏನೂ ಇಲ್ಲಮ್ಮ, ಸ್ಪಷ್ಟವಾಗಿ ಬರೆದಿದ್ದೀರಿ. ಇದೇ ಎಳೆಯನ್ನು ನಿರ್ಬಂಧಗಳ ಕಡೆಗೆ ಒಯ್ಯುತ್ತೇನೆ.

ಯಾಸಿನ್ ಅಬ್ದುಲ್ಲಾ ಕಾದಿ ಎಂಬ ಸೌದಿ ಉದ್ಯಮಿಯ ಹೆಸರನ್ನು 2001ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸಮಿತಿ ಭಯೋತ್ಪಾದನೆಗೆ ಹಣ ಒದಗಿಸುವವರ ಪಟ್ಟಿಗೆ ಸೇರಿಸಿತು. ಒಕ್ಕೂಟ ಅದನ್ನು ಹಾಗೆಯೇ ತನ್ನ ನಿಯಂತ್ರಣಕ್ಕೆ ಇಳಿಸಿಕೊಂಡು ಅವರ ಆಸ್ತಿಯನ್ನು ತಡೆಹಿಡಿಯಿತು. ಅವರಿಗೆ ಸಾಕ್ಷ್ಯ ತೋರಿಸಲಿಲ್ಲ, ಅವರ ಮಾತು ಕೇಳಲಿಲ್ಲ. ವಿಶ್ವಸಂಸ್ಥೆಯ ಆದೇಶವನ್ನು ಪ್ರಶ್ನಿಸುವಂತಿಲ್ಲ ಎಂದು ಕೆಳಗಿನ ನ್ಯಾಯಾಲಯ ಹೇಳಿತ್ತು. 2008ರ ಸೆಪ್ಟೆಂಬರ್ 3ರಂದು ಐರೋಪ್ಯ ನ್ಯಾಯಾಲಯ ಅದನ್ನು ತಳ್ಳಿಹಾಕಿತು: ಆದೇಶ ಎಲ್ಲಿಂದಲೇ ಬಂದಿರಲಿ, ಒಕ್ಕೂಟದೊಳಗೆ ಜಾರಿಯಾಗುವಾಗ ಮೂಲಭೂತ ಹಕ್ಕುಗಳ ಪರೀಕ್ಷೆಗೆ ಒಳಗಾಗಲೇಬೇಕು. ಭದ್ರತಾ ಮಂಡಳಿಯ ಅಧಿಕಾರವನ್ನು ಎದುರಿಗಿಟ್ಟುಕೊಂಡು ಒಬ್ಬ ವ್ಯಕ್ತಿಯ ಪ್ರತಿವಾದದ ಹಕ್ಕನ್ನು ಎತ್ತಿಹಿಡಿದ ಈ ತೀರ್ಪನ್ನು ನಾನು ಈ ಕ್ಷೇತ್ರದ ಅತ್ಯುತ್ತಮ ತೀರ್ಪೆಂದು ತಿಳಿದಿದ್ದೇನೆ.

ಆ ನಂತರ ಪಟ್ಟಿಗಳ ರೂಪವೇ ಬದಲಾಯಿತು. ಇಂದು ಒಕ್ಕೂಟದ ಅಧಿಕೃತ ಪತ್ರಿಕೆಯನ್ನು ತೆರೆದರೆ ಅನುಬಂಧದಲ್ಲಿ ಹೆಸರಿನ ಪಕ್ಕದಲ್ಲಿ ಗುರುತಿನ ವಿವರ, ಅದರ ಪಕ್ಕದಲ್ಲಿ ಸೇರ್ಪಡೆಯ ಕಾರಣಗಳು, ಕೊನೆಗೆ ದಿನಾಂಕ. ಜೊತೆಗೆ ಬೇರೆಯಾದ ಒಂದು ಪ್ರಕಟಣೆ ಇರುತ್ತದೆ: ಮರುಪರಿಶೀಲನೆಗೆ ಯಾವ ದಿನಾಂಕದೊಳಗೆ ಅರ್ಜಿ ಸಲ್ಲಿಸಬೇಕು, ನ್ಯಾಯಾಲಯಕ್ಕೆ ಹೇಗೆ ಹೋಗಬೇಕು. ತಡೆಹಿಡಿದ ಹಣದಿಂದಲೂ ಊಟ, ಮನೆ ಬಾಡಿಗೆ, ಔಷಧ, ತೆರಿಗೆ, ವಿಮೆಯ ಕಂತು, ವಕೀಲರ ಶುಲ್ಕ ಇವುಗಳಿಗೆ ಆಯಾ ದೇಶದ ಅಧಿಕಾರಿಗಳು ಹಣ ಬಿಡುಗಡೆ ಮಾಡಬಹುದು.

ಭಾರತಕ್ಕೆ ಸಂಬಂಧಿಸಿದ ಒಂದು ಪ್ರಕರಣವೂ ಇದೆ. 2006ರಲ್ಲಿ ಒಕ್ಕೂಟದ ಭಯೋತ್ಪಾದಕ ಪಟ್ಟಿಗೆ ಸೇರಿದ ಎಲ್‌ಟಿಟಿಇಯನ್ನು ಅಲ್ಲಿ ಉಳಿಸಿಕೊಂಡಿದ್ದ ಪರಿಷತ್ತಿನ ಕ್ರಮಗಳನ್ನು 2014ರ ಅಕ್ಟೋಬರ್‌ನಲ್ಲಿ ಒಕ್ಕೂಟದ ಕೆಳಹಂತದ ನ್ಯಾಯಾಲಯವಾದ ಸಾಮಾನ್ಯ ನ್ಯಾಯಾಲಯ ರದ್ದುಮಾಡಿತು. ಭಾರತದ ಅಧಿಕಾರಿಗಳ ತೀರ್ಮಾನವನ್ನು ಆಧಾರವಾಗಿಟ್ಟುಕೊಳ್ಳುವ ಮುನ್ನ ಇಲ್ಲಿ ಪ್ರತಿವಾದದ ಹಕ್ಕಿಗೆ ಎಷ್ಟು ರಕ್ಷಣೆಯಿದೆ ಎಂದು ಪರಿಷತ್ತು ಪರಿಶೀಲಿಸಲಿಲ್ಲ, ಪತ್ರಿಕೆ ಮತ್ತು ಅಂತರ್ಜಾಲದ ವರದಿಗಳನ್ನೇ ಪುರಾವೆಯೆಂದು ಹಿಡಿದುಕೊಂಡಿತು ಎಂಬುದು ಕಾರಣ. 2017ರಲ್ಲಿ ಮೇಲ್ಮನವಿಯಲ್ಲೂ ಆ ರದ್ದತಿ ಉಳಿಯಿತು. ಆ ಸಂಘಟನೆ ನಿರಪರಾಧಿ ಎಂದು ಯಾವ ನ್ಯಾಯಾಧೀಶರೂ ಹೇಳಲಿಲ್ಲ. ಎಷ್ಟೇ ಕ್ರೂರ ಸಂಘಟನೆಯಾದರೂ ಪಟ್ಟಿಗೆ ಸೇರಿಸುವ ವಿಧಾನ ಸರಿಯಿರಬೇಕು ಎಂದಷ್ಟೇ ಹೇಳಿದರು. ರಾಜೀವ್ ಗಾಂಧಿಯವರ ಹತ್ಯೆಯನ್ನು ಕಂಡ ನಮ್ಮ ದೇಶದ ಓದುಗರಿಗೆ ಇದು ಅರಗಿಸಿಕೊಳ್ಳಲು ಕಷ್ಟವಾದ ತೀರ್ಪು ಎಂದು ಬಲ್ಲೆ. ಆದರೂ ನಾನು ಅದರ ಪರವಾಗಿಯೇ ನಿಲ್ಲುತ್ತೇನೆ.

ಗೆಂಟ್ ಕನ್ನಡಿಗ

ಪಟ್ಟಿಯಲ್ಲಿ ಹೆಸರಿದ್ದವನಿಗೆ ನ್ಯಾಯಾಲಯ ಇದೆ, ಒಪ್ಪಿದೆ. ಕಾರ್ಯಾಚರಣೆಗಳಿಂದ ಅನ್ಯಾಯವಾದವರ ಗತಿ ಏನು? ಅದಕ್ಕಿಂತ ಮೊದಲು, ಈ ಕಾರ್ಯಾಚರಣೆಗಳಿಂದ ಪ್ರಯೋಜನವೇನು ಎಂದೂ ಕೇಳಬೇಕಾಗಿದೆ. ಮಾಲಿಯಲ್ಲಿ 2013ರಿಂದ ಸೈನಿಕರಿಗೆ ತರಬೇತಿ ಕೊಟ್ಟರು. 2020 ಮತ್ತು 2021ರಲ್ಲಿ ಅಲ್ಲಿನ ಸೇನೆಯೇ ಸರ್ಕಾರವನ್ನು ಉರುಳಿಸಿತು, ರಷ್ಯಾದ ಬಾಡಿಗೆ ಸೈನಿಕರ ವಾಗ್ನರ್ ಪಡೆ ಬಂತು, 2024ರ ಮೇ ತಿಂಗಳಲ್ಲಿ ತರಬೇತಿ ನಿಯೋಗ ಮುಚ್ಚಿತು. ನೈಜರ್‌ನಲ್ಲಿ 2023ರ ಜುಲೈನ ಕ್ಷಿಪ್ರಕ್ರಾಂತಿಯ ನಂತರ ಅಲ್ಲಿನ ಸೇನಾ ಆಡಳಿತ ಒಕ್ಕೂಟದ ಎರಡೂ ನಿಯೋಗಗಳ ಒಪ್ಪಂದವನ್ನು ಡಿಸೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. ಆತಿಥೇಯ ದೇಶದ ಒಂದು ಪತ್ರದಿಂದ ವರ್ಷಗಳ ಕೆಲಸ ಮುಗಿದುಹೋಯಿತು.

ಯಶಸ್ಸಿನ ಉದಾಹರಣೆ ಕೇಳಿದರೆ ನಾನು ಇಂಡೋನೇಷ್ಯಾದ ಅಚೆ ಪ್ರಾಂತ್ಯವನ್ನು ತೋರಿಸುತ್ತೇನೆ. ಸುನಾಮಿಯ ನಂತರ, 2005ರ ಆಗಸ್ಟ್ 15ರಂದು ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿಯವರ ಮಧ್ಯಸ್ಥಿಕೆಯಲ್ಲಿ ಹೆಲ್ಸಿಂಕಿಯಲ್ಲಿ ಸರ್ಕಾರಕ್ಕೂ ಬಂಡುಕೋರರಿಗೂ ಒಪ್ಪಂದವಾಯಿತು. ಅದರ ಪಾಲನೆಯನ್ನು ನೋಡಿಕೊಳ್ಳಲು ಒಕ್ಕೂಟದವರು, ನಾರ್ವೆ, ಸ್ವಿಟ್ಜರ್ಲೆಂಡ್ ಮತ್ತು ಐದು ಆಸಿಯಾನ್ ದೇಶಗಳವರು ನಿರಾಯುಧರಾಗಿ ಹೋದರು. ಬಂಡುಕೋರರು ಒಪ್ಪಿಸಬೇಕಾಗಿದ್ದ 840 ಆಯುಧಗಳನ್ನು ಎಣಿಸಿ, ಪರಿಶೀಲಿಸಿ, ಜನರ ಕಣ್ಣೆದುರೇ ಕತ್ತರಿಸಿ ಹಾಕಿದರು. ಪ್ರತಿ ಹಂತಕ್ಕೆ ಸರಿಯಾಗಿ ಸರ್ಕಾರದ ಸೈನಿಕರೂ ಹಿಂದೆ ಸರಿದರು. 2006ರ ಡಿಸೆಂಬರ್‌ನಲ್ಲಿ ನಿಯೋಗ ಕೆಲಸ ಮುಗಿಸಿ ಮನೆಗೆ ಹೋಯಿತು. ಇಬ್ಬರೂ ಬಯಸಿದ ಶಾಂತಿಗೆ ಸಾಕ್ಷಿಯಾಗಿ ನಿಲ್ಲುವುದನ್ನು ಒಕ್ಕೂಟ ಚೆನ್ನಾಗಿ ಮಾಡುತ್ತದೆ. ಶಾಂತಿ ಬಯಸದವರ ನಡುವೆ ಸೇನೆ ಕಟ್ಟಿಕೊಡಲು ಹೋದಾಗ ಸೋಲುತ್ತದೆ.

ವಕೀಲ, ಬೆಂಗಳೂರು

ಕಾರ್ಯಾಚರಣೆಗಳಿಂದ ನೊಂದವರ ಪ್ರಶ್ನೆಗೆ ಉತ್ತರ ಇತ್ತೀಚಿನದು. ಕೊಸೊವೊದಲ್ಲಿ 1999ರಲ್ಲಿ ಹತ್ಯೆಯಾದ, ಕಣ್ಮರೆಯಾದ ತಮ್ಮವರ ಪ್ರಕರಣಗಳನ್ನು ಯುಲೆಕ್ಸ್ ಸರಿಯಾಗಿ ತನಿಖೆ ಮಾಡಲಿಲ್ಲವೆಂದು ಇಬ್ಬರು ದೂರಿದರು. ಹಕ್ಕುಗಳ ಉಲ್ಲಂಘನೆಯಾಗಿದೆ ಎಂದು ನಿಯೋಗದ ಪರಿಶೀಲನಾ ಮಂಡಳಿಯೇ ಒಪ್ಪಿತು, ಆದರೆ ಅದಕ್ಕೆ ಆದೇಶ ಕೊಡುವ ಅಧಿಕಾರವಿರಲಿಲ್ಲ. ಅವರು ಪರಿಹಾರ ಕೇಳಿದಾಗ ಸಾಮಾನ್ಯ ನ್ಯಾಯಾಲಯ ತನಗೆ ಅಧಿಕಾರವ್ಯಾಪ್ತಿಯಿಲ್ಲ ಎಂದು 2021ರಲ್ಲಿ ಕಳಿಸಿಬಿಟ್ಟಿತು. 2024ರ ಸೆಪ್ಟೆಂಬರ್ 10ರಂದು ಮೇಲಿನ ನ್ಯಾಯಾಲಯ ಆ ಆದೇಶವನ್ನು ಭಾಗಶಃ ಬದಿಗೆ ಸರಿಸಿತು. ನಿಯೋಗ ಕಳಿಸಬೇಕೇ, ಅದಕ್ಕೆ ಯಾವ ಅಧಿಕಾರ ಕೊಡಬೇಕು ಎಂಬ ರಾಜಕೀಯ ಆಯ್ಕೆಗಳನ್ನು ನ್ಯಾಯಾಲಯ ಮುಟ್ಟುವುದಿಲ್ಲ. ಆದರೆ ಸಿಬ್ಬಂದಿ ನೇಮಕ, ತನಿಖೆಯ ನಿರ್ವಹಣೆಯಂಥ, ಆ ಆಯ್ಕೆಗಳಿಗೆ ನೇರ ಸಂಬಂಧವಿಲ್ಲದ ಕೆಲಸಗಳನ್ನು ಪರಿಶೀಲಿಸಬಹುದು. ಕಾಣೆಯಾದವರ ಮನೆಯವರು ಇಷ್ಟು ಸಣ್ಣ ಬಾಗಿಲು ತೆರೆಸಲು ಇಷ್ಟು ವರ್ಷ ಕಾಯಬೇಕಾಯಿತು ಎಂಬುದು ನನಗೆ ನೋವಿನ ಸಂಗತಿ. ಬಾಗಿಲು ತೆರೆದಿದೆ ಎಂಬುದೂ ಅಷ್ಟೇ ನಿಜ.

ಖರೀದಿ ವಿಭಾಗ, ಪೀಣ್ಯ

ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. 2024ರಿಂದ ಯುರೋಪಿನ ಮಾರಾಟಗಾರರು ಕಳಿಸುವ ಕರಾರಿನಲ್ಲಿ ಒಂದು ಹೊಸ ಷರತ್ತು ಸೇರಿದೆ: ಈ ಸರಕನ್ನು ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ ರಷ್ಯಾಕ್ಕೆ, ಅಥವಾ ರಷ್ಯಾದಲ್ಲಿ ಬಳಸಲು, ಮಾರುವುದಿಲ್ಲ, ತಪ್ಪಿದರೆ ಕರಾರು ರದ್ದು ಮತ್ತು ದಂಡ. ಬೇರಿಂಗ್‌ಗಳಿಗೆ, ನಿಯಂತ್ರಣ ಫಲಕದ ಚಿಪ್‌ಗಳಿಗೆ ಇದನ್ನು ಕೇಳುತ್ತಾರೆ. ನಾವು ತಯಾರಿಸಿದ ಯಂತ್ರವನ್ನು ಕೊಂಡವರು ಅದನ್ನು ಎಲ್ಲಿಗೆ ಕಳಿಸುತ್ತಾರೆಂದು ನಾವು ಹೇಗೆ ಹೊಣೆ ಹೊರುವುದು? ಬೆಂಗಳೂರಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯ ಹೆಸರೇ 2024ರ ಫೆಬ್ರವರಿಯ 13ನೆಯ ಪ್ಯಾಕೇಜ್‌ನಲ್ಲಿ ಬಂದ ಮೇಲೆ ನಮ್ಮ ಮಾಲೀಕರು ಪ್ರತಿ ಸಹಿಗೂ ಮುನ್ನ ಎರಡು ಸಲ ಯೋಚಿಸುತ್ತಿದ್ದಾರೆ.

ವಕೀಲ, ಬೆಂಗಳೂರು

ನಿಮಗೆ ಸಿಕ್ಕಿದ್ದು 2023ರ ಡಿಸೆಂಬರ್‌ನ 12ನೆಯ ಪ್ಯಾಕೇಜ್‌ನ ಷರತ್ತು. 2024ರ ಮಾರ್ಚ್ 20ರಿಂದ ಅನ್ವಯವಾಗುತ್ತಿದೆ. ಕಾನೂನಿನ ಹೊಣೆ ಐರೋಪ್ಯ ಮಾರಾಟಗಾರನದು, ನಿಮ್ಮ ಹೊಣೆ ಕರಾರಿನಿಂದ ಮಾತ್ರ ಬರುತ್ತದೆ. ಆದ್ದರಿಂದ ಕರಾರಿನ ಪದಗಳಲ್ಲೇ ಕಾವಲಿರಲಿ. ನೀವು ಕೊಂಡ ಸರಕಿನ ಮರುಮಾರಾಟಕ್ಕೆ ಮಾತ್ರ ಒಪ್ಪಿ; ನಿಮ್ಮ ಗ್ರಾಹಕರಿಂದ ಅಂತಿಮ ಬಳಕೆಯ ಘೋಷಣೆ ಪಡೆದು ಸರಣಿ ಸಂಖ್ಯೆಯೊಡನೆ ಕಡತದಲ್ಲಿಡಿ; ನಿಮಗೆ ಗೊತ್ತಿಲ್ಲದೆ ನಡೆದ ಉಲ್ಲಂಘನೆಗೆ ಅಪರಿಮಿತ ದಂಡವನ್ನು ಒಪ್ಪಬೇಡಿ. ಅನುಮಾನವಿರುವ ಕರಾರನ್ನು ಸಹಿಗೆ ಮುನ್ನ ನಿಮ್ಮ ವಕೀಲರಿಗೆ ತೋರಿಸಿ.

ಸುರತ್ಕಲ್ ಓದುಗ

ಹಾಗಾದರೆ ನನ್ನ ಮೊದಲ ಪ್ರಶ್ನೆಯ ಕೊನೆಯ ಭಾಗ ಇನ್ನೂ ಉಳಿದಿದೆ. 2025ರ ಜುಲೈ 18ರಂದು ಒಪ್ಪಿತವಾದ 18ನೆಯ ಪ್ಯಾಕೇಜ್‌ನಲ್ಲಿ ಗುಜರಾತಿನ ವಾಡಿನಾರ್‌ನಲ್ಲಿ ಸ್ಥಾವರವಿರುವ ನಯಾರಾ ಎನರ್ಜಿಯ ಹೆಸರು ಬಂತು. ಅದರಲ್ಲಿ ರಷ್ಯಾದ ರೋಸ್ನೆಫ್ಟ್‌ನ ಪಾಲು ಶೇ 49ರಷ್ಟು. ಏಕಪಕ್ಷೀಯ ನಿರ್ಬಂಧಗಳನ್ನು ಒಪ್ಪುವುದಿಲ್ಲ ಎಂದು ನಮ್ಮ ವಿದೇಶಾಂಗ ಸಚಿವಾಲಯ ಅಂದೇ ಹೇಳಿತು. ಆದರೂ ಕೆಲವೇ ದಿನಗಳಲ್ಲಿ ಕಂಪನಿಯ ಇಮೇಲ್ ಸೇವೆಯನ್ನೇ ಮೈಕ್ರೋಸಾಫ್ಟ್ ನಿಲ್ಲಿಸಿತ್ತು, ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಅದು ಮರಳಿತು. ರಷ್ಯಾದ ಕಚ್ಚಾ ತೈಲದಿಂದ ತಯಾರಾದ ಡೀಸೆಲನ್ನು ಬೇರೆ ದೇಶದಿಂದಲೂ ಕೊಳ್ಳುವಂತಿಲ್ಲ ಎಂಬ ನಿಯಮವೂ 2026ರ ಜನವರಿ 21ರಿಂದ ಬಂದಿದೆ. ಅಲ್ಲಿಗೆ ಮಾರುವ ನಮ್ಮ ಶುದ್ಧೀಕರಣಾಗಾರ ಕಚ್ಚಾ ತೈಲದ ಮೂಲಕ್ಕೆ ಪುರಾವೆ ಕೊಡಬೇಕಾಗುತ್ತದೆ. ನಮ್ಮಂಥವರಿಗೆ ಲಕ್ಸೆಂಬರ್ಗ್‌ನ ಆ ಬಾಗಿಲು ಇದೆಯೇ?

ವಕೀಲ, ಬೆಂಗಳೂರು

ಪಟ್ಟಿಯಲ್ಲಿ ಹೆಸರಿರುವ ಕಂಪನಿಗೆ ಇದೆ. ಅದು ಭಾರತೀಯ ಕಂಪನಿಯಾದರೂ ಸರಿ, ಎರಡು ತಿಂಗಳು ಮತ್ತು ದೂರದ ಕಾರಣಕ್ಕೆ ಸೇರಿಸುವ ಹತ್ತು ದಿನಗಳೊಳಗೆ ಸಾಮಾನ್ಯ ನ್ಯಾಯಾಲಯಕ್ಕೆ ಹೋಗಿ, ಕಾರಣಗಳಿಗೆ ಪುರಾವೆ ಎಲ್ಲಿದೆ ಎಂದು ಕೇಳಬಹುದು. ಪುರಾವೆ ಒದಗಿಸುವ ಹೊಣೆ ಪರಿಷತ್ತಿನದು. ಆದರೆ 2013ರಲ್ಲಿ ಎಂಆರ್‌ಪಿಎಲ್ ಇದ್ದ ಸ್ಥಿತಿಯಲ್ಲಿ, ಅಂದರೆ ಹೆಸರು ಪಟ್ಟಿಯಲ್ಲಿಲ್ಲದೆ, ಮರುವಿಮೆ ಕೊಡುವವನು ಹಿಂದೆ ಸರಿದದ್ದರಿಂದ ನಷ್ಟ ಅನುಭವಿಸುವವನಿಗೆ ಪ್ರಾಯೋಗಿಕವಾಗಿ ಆ ಬಾಗಿಲು ಇಲ್ಲ. ನಿಯಂತ್ರಣ ತನಗೆ ನೇರವಾಗಿ ಮತ್ತು ವೈಯಕ್ತಿಕವಾಗಿ ಸಂಬಂಧಿಸಿದೆ ಎಂದು ಅವನು ತೋರಿಸಲಾರ. ಅವನ ಪರವಾಗಿ ಮಾತನಾಡಬೇಕಾದದ್ದು ಅವನ ಸರ್ಕಾರ, ಮತ್ತು ಆ ಮಾತು ನಡೆಯುವುದು ಒಕ್ಕೂಟದ ಜೊತೆಗಿನ ಮಾತುಕತೆಯ ಮೇಜಿನಲ್ಲಿ, ನ್ಯಾಯಾಲಯದಲ್ಲಲ್ಲ. ನಮ್ಮ ಸರ್ಕಾರ ಒಕ್ಕೂಟದೊಡನೆ ವ್ಯಾಪಾರವನ್ನೋ ಭದ್ರತೆಯನ್ನೋ ಚರ್ಚಿಸಲು ಕುಳಿತಾಗಲೆಲ್ಲ, ಹೆಸರಿಲ್ಲದೆ ಪೆಟ್ಟು ತಿನ್ನುವ ಮೂರನೆಯವರಿಗೆ ಮುಂಚಿತ ಸೂಚನೆ ಮತ್ತು ವಿನಾಯಿತಿ ಕೇಳುವ ಒಂದು ವ್ಯವಸ್ಥೆ ಬೇಕೆಂದು ಪಟ್ಟು ಹಿಡಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕರಾವಳಿಯ ಸಂಸದರಿಗೆ ಈ ವಿಷಯದಲ್ಲಿ ಮನವಿ ಬರೆಯುವುದಾದರೆ ಕರಡು ಸಿದ್ಧಪಡಿಸಿಕೊಡಲು ನಾನು ತಯಾರಿದ್ದೇನೆ.